ಕೆಳಬೀದಿಯ ಉಲ್ಟಾ ವಾಲ್ವ್

ನಮ್ಮ ಮೊದಲ ಭೇಟಿಯಲ್ಲೇ ಅವನ ಕೈಯಲ್ಲಿ ರಕ್ತ ಬಂತು. ಬರಿಸಿದವಳು ನಾನೇ.

ಪುರಸಭೆಯ ಮೀಟಿಂಗ್ ಹಾಲಿನಲ್ಲಿ ಊರಿನ ಆರೋಗ್ಯ ಯೋಜನೆ ಮಾಡಲು ಕೂತಿದ್ದೆವು. ನಾನು ಆಸ್ಪತ್ರೆಯ ಡಾಕ್ಟರು, ಅವನು ಹೊಸದಾಗಿ ಬಂದ ನೀರಿನ ಇಂಜಿನಿಯರು. ಕೆಳಬೀದಿಯಲ್ಲಿ ಕುಡಿಯುವ ನೀರಿನ ಪೈಪು ಚರಂಡಿಯೊಳಗೇ ಹಾದುಹೋಗುತ್ತದೆ, ಅದೂ ತೂತುಬಿದ್ದ ಪೈಪು. ಹಿಂದಿನ ದಿನವಷ್ಟೇ ಅಲ್ಲಿನ ಒಂದು ಮಗು ವಾಂತಿಭೇದಿಯಾಗಿ ನನ್ನ ಕೈಯಲ್ಲೇ ಸತ್ತಿತ್ತು. ಅಲ್ಲಿನ ನಲ್ಲಿ ನೀರನ್ನು ಬಾಟಲಿಯಲ್ಲಿ ಹಿಡಿದು ತಂದಿದ್ದೆ.

"ಬೇರೆ ಪೈಪ್ ಹಾಕೋ ತನಕ ಈ ಲೈನ್ ಬಂದ್ ಮಾಡಿ," ಎಂದೆ.

"ಟ್ಯಾಂಕರ್ ಗೊತ್ತುಮಾಡದೆ ಬಂದ್ ಮಾಡಿದ್ರೆ ಜನ ಹಿಡಿದು ಹೊಡೀತಾರೆ, ಮೇಡಂ. ಮುಂದಿನ ತಿಂಗಳು ನೋಡೋಣ."

ಮುಂದಿನ ತಿಂಗಳಂತೆ! ನನಗೆ ಮೈಯೆಲ್ಲ ಉರಿದುಹೋಯಿತು. ಬಾಟಲಿ ಎತ್ತಿ ಅವನ ಮುಂದಿನ ಮೇಜಿಗೆ ಅಪ್ಪಳಿಸಿದೆ. ಗಾಜು ಸಿಡಿದು ಒಂದು ಚೂರು ಅವನ ಅಂಗೈ ಸೀಳಿತು. ಅವನು ಕೈ ನೋಡಿಕೊಂಡ, ಮೇಜಿನ ಮೇಲೆ ಹರಿದ ನೀರಿನ ನಾತಕ್ಕೆ ಮುಖ ಕಿವುಚಿದ, ಆಮೇಲೆ ಮೆಲ್ಲಗೆ ನನ್ನತ್ತ ತಿರುಗಿದ.

"ಸರಿ. ಈ ವಾರವೇ ಮುಚ್ಚೋಣ. ಹೊಲಿಗೆ ಹಾಕೋದು ನೀವೇ ತಾನೆ?"

ಹಾಕಿದೆ. ಅವನು ಗಾಯ ನೋಡಲೇ ಇಲ್ಲ, ಗಂಟಿಕ್ಕಿದ್ದ ನನ್ನ ಹುಬ್ಬುಗಳನ್ನೇ ನೋಡುತ್ತಿದ್ದ.

"ಏನ್ರೀ ಹಾಗೆ ನೋಡ್ತೀರಿ?"

"ಸೂಜಿ ನನಗೆ ಚುಚ್ಚಿದ್ರೆ ನಿಮಗ್ಯಾಕೆ ನೋವಾಗ್ತಿದೆ?"

ಕಳ್ಳ! ಮುಂದಿನ ಹೊಲಿಗೆಯನ್ನು ಬೇಕಂತಲೇ ಬಿಗಿಯಾಗಿ ಎಳೆದೆ.

ಮನೆಗೆ ಹೋಗಿ ಅಕ್ಕನ ಮುಂದೆ ಅವನನ್ನು ಬೈದದ್ದೇ ಬೈದದ್ದು. ಬಟ್ಟೆ ಹೊಲಿಯುತ್ತಿದ್ದ ಅಕ್ಕ ಮಷೀನ್ ನಿಲ್ಲಿಸದೆ ಹೇಳಿದಳು: "ಮದುವೆಗೆ ಮುಂಚೆ ನಿಮ್ಮ ಭಾವನ್ನ ನಾನೂ ಇಷ್ಟು ಬೈದಿರಲಿಲ್ಲ ಕಣೇ."

ಆ ವಾರವೆಲ್ಲ ನಕ್ಷೆ ಹಿಡಿದು ಇಬ್ಬರೂ ಕೆಳಬೀದಿ ಸುತ್ತಿದೆವು. ಒಂದು ದಿನ ಅವನು ನೀರಿನ ಟ್ಯಾಂಕಿನ ಬುಡದಲ್ಲಿದ್ದ ಗುಂಡಿಯ ಮುಚ್ಚಳ ಎತ್ತಿ ಆ ಬೀದಿಯ ವಾಲ್ವ್ ತೋರಿಸಿದ.

"ಊರಲ್ಲಿರೋ ವಾಲ್ವೆಲ್ಲ ಎಡಕ್ಕೆ ತಿರುಗಿಸಿದ್ರೆ ತೆರೆಯುತ್ತೆ. ಹಳೇ ಕಾಲದ್ದು ಇದೊಂದು ಉಲ್ಟಾ. ಎಡಕ್ಕೆ ತಿರುಗಿಸಿದ್ರೆ ಮುಚ್ಚುತ್ತೆ. ಥೇಟ್ ನಿಮ್ಮ ಹಾಗೆ."

"ನಾನೇನು ಉಲ್ಟಾ?"

"'ಎದ್ದು ಹೋಗಿ' ಅಂತೀರ. ಎದ್ರೆ ಟೀ ತರಿಸ್ತೀರ."

ಮುಖ ತಿರುಗಿಸಿಕೊಂಡೆ. ನಗು ಬಂದುಬಿಟ್ಟಿತ್ತು, ಅದಕ್ಕೆ.

ಮುಚ್ಚುವ ದಿನ ಬಂತು, ಟ್ಯಾಂಕರ್ ಮಾತ್ರ ಬರಲಿಲ್ಲ. ಆದರೂ ಮುಚ್ಚಲೇಬೇಕೆಂದು ಹಟ ಹಿಡಿದವಳು ನಾನು. ಗುಂಡಿಯ ಮುಚ್ಚಳ ಎತ್ತಿದ್ದೆವು ಅಷ್ಟೇ, 'ನೀರು ನಿಲ್ಲಿಸಿಬಿಟ್ರು' ಎಂಬ ಸುದ್ದಿ ಆಗಲೇ ಕೆಳಬೀದಿಗೆ ಮುಟ್ಟಿತ್ತು. ಜನ ನುಗ್ಗಿ ಬಂದರು. ಮುಂದೆ ಎಣ್ಣೆ ಗಾಣದ ಯಜಮಾನ, ಊರವರ ಬಾಯಲ್ಲಿ ಗೂಳಿ. ಕೈಯಲ್ಲಿ ಸಲಾಕೆ.

ಮೊದಲ ಕಲ್ಲು ಜೀಪಿನ ಗಾಜು ಒಡೆಯಿತು. ಮುಂದಿನದು ನನ್ನ ಕಡೆಗೇ ಬಂತು. ಇಂಜಿನಿಯರು ಅಡ್ಡ ಬಂದ, ಅದು ಅವನ ಹಣೆಗೆ ಬಡಿಯಿತು. ಅವನು ಮಂಡಿಯೂರಿದ. ಗೂಳಿ ಅವನ ಬೆನ್ನಿಗೆ ಸಲಾಕೆಯಿಂದ ಬಾರಿಸಿದ ಸದ್ದು ನನಗೆ ಇವತ್ತಿಗೂ ಕೇಳಿಸುತ್ತದೆ.

"ಮನೇಲಿ ಬಾಣಂತಿ ಮಗಳಿದ್ದಾಳೆ ಕಣೋ! ನೀರು ನಿಲ್ಲಿಸ್ತೀಯಾ?" ಎಂದು ಕೂಗಿದ ಗೂಳಿ, ವಾಲ್ವ್ ತಿರುಗಿಸುವ ಉದ್ದನೆಯ ಕಬ್ಬಿಣದ ಕೀಲಿಯನ್ನು ಕಿತ್ತುಕೊಂಡು ಗುಂಡಿಗೆ ಇಳಿಸಿದ. "ಪೂರ್ತಿ ತೆರೀತೀನಿ ನೋಡು!"

ಆ ವಿಷ ಇನ್ನಷ್ಟು ಮಕ್ಕಳ ಬಾಯಿಗೆ ಹೋಗುತ್ತದಲ್ಲ! ಹಾರಿ ಅವನ ತೋಳು ಕಚ್ಚಿದೆ. ಯಾರೋ ಜಡೆ ಹಿಡಿದು ನನ್ನನ್ನು ನೆಲಕ್ಕೆ ಕೆಡವಿದರು. ಮತ್ತೆ ಎದ್ದೆ. ಆಗ ನನ್ನ ಮಣಿಕಟ್ಟು ಹಿಡಿದವನು ಇಂಜಿನಿಯರು.

"ಬಿಡಿ ಮೇಡಂ. ತಿರುಗಿಸ್ಲಿ."

ಥೂ, ಹೇಡಿ! ರಕ್ತ ಇಳಿಯುತ್ತಿದ್ದ ಆ ಕೆನ್ನೆಗೇ ಫಟೀರೆಂದು ಬಾರಿಸಿದೆ. ಅವನು ಕೈ ಬಿಡಲಿಲ್ಲ. ನನ್ನ ಕಿವಿಯ ಹತ್ತಿರ ಬಾಗಿ, "ಯಾವ ಕಡೆ ತಿರುಗಿಸ್ತಿದಾರೆ, ನೋಡ್ರೀ," ಎಂದ.

ಎಡಕ್ಕೆ. ಗೂಳಿ ಹಲ್ಲು ಕಚ್ಚಿಕೊಂಡು ಎಡಕ್ಕೆ ತಿರುಗಿಸುತ್ತಿದ್ದ. ಸಾಲದ್ದಕ್ಕೆ ಮತ್ತಿಬ್ಬರು ಕೈ ಹಾಕಿ ಇನ್ನು ಅಲ್ಲಾಡದಷ್ಟು ಬಿಗಿ ಮಾಡಿದರು. ಕೀಲಿಯನ್ನು ಕಾಲುವೆಗೆ ಎಸೆದು, ಗೆದ್ದೆವೆಂದು ಕೇಕೆ ಹಾಕುತ್ತ ಹೋದರು.

"ಅಯ್ಯೋ, ನಿಮ್ಮನ್ನ ಹೊಡೆದುಬಿಟ್ಟೆನಲ್ರೀ," ಎಂದೆ. ಅವನು ನಗಲು ಹೋಗಿ ಪ್ರಜ್ಞೆ ತಪ್ಪಿ ಕುಸಿದ. ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡೆ. ದೇವರೇ, ಇವನೊಬ್ಬ ಉಳಿದರೆ ಸಾಕು ಎಂದು ಬಾಯಿಬಿಟ್ಟು ಅತ್ತೆ. ಡಾಕ್ಟರು ಅಳಬಾರದಂತೆ. ಯಾರು ಹೇಳಿದ್ದು?

ಸಂಜೆಯ ಹೊತ್ತಿಗೆ ಅವನ ಹಣೆಗೆ ಹೊಲಿಗೆ ಹಾಕಿ ಮುಗಿಸಿದ್ದೆ. ಅವನಿನ್ನೂ ಕಣ್ಣು ಬಿಟ್ಟಿರಲಿಲ್ಲ. ಆಗ ಆಸ್ಪತ್ರೆಯ ಬಾಗಿಲಿಗೆ ಗೂಳಿಯ ಸಲಾಕೆ ಬಡಿಯಿತು.

"ನಲ್ಲೀಲಿ ಹನಿ ನೀರಿಲ್ಲ! ಎಲ್ಲಿ ಅವನು? ಇವತ್ತು ಅವನನ್ನ ಮುಗಿಸೇ ಹೋಗೋದು!"

ಕೈಗೆ ಸಿಕ್ಕಿದ ಕತ್ತರಿ ಹಿಡಿದು ಬಾಗಿಲಿಗೆ ಅಡ್ಡ ನಿಂತೆ. "ಮುಚ್ಚಿದ್ದು ನೀವೇ, ಯಜಮಾನ್ರೇ. ಅದು ಉಲ್ಟಾ ವಾಲ್ವು. ಇನ್ನು ಒಳಗಿರೋನು ನನ್ನ ಗಂಡ ಆಗೋನು. ಒಂದು ಹೆಜ್ಜೆ ಇಟ್ಟು ನೋಡಿ, ಈ ಕತ್ತರಿ ನಿಮ್ಮ ಹೊಟ್ಟೇಲಿರುತ್ತೆ!"

ಸಲಾಕೆ ಮೇಲೆದ್ದಿತು. ಪರೀಕ್ಷೆಗೆಂದು ಇಟ್ಟಿದ್ದ ಇನ್ನೊಂದು ಬಾಟಲಿಯನ್ನು ಶೆಲ್ಫಿನಿಂದ ತೆಗೆದು ಅವನ ಎದೆಗೆ ಚಾಚಿದೆ. "ನಿಮ್ಮ ಮನೆ ನಲ್ಲಿ ನೀರೇ ಇದು. ಕುಡೀರಿ. ನೀವು ಕುಡಿದ್ರೆ ನಾನೇ ಹೋಗಿ ತೆರೀತೀನಿ."

ಅವನು ಸಲಾಕೆಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಮುಚ್ಚಳ ತೆಗೆದು ಮೂಸಿದ. ನಾತಕ್ಕೆ ಮುಖ ಹಿಂದಕ್ಕೆಳೆದುಕೊಂಡ. "ನನ್ನ ಮಗಳು... ಇದನ್ನೇ ಕುಡಿತಾ ಇದ್ಲಾ?" ಎಂದವನು ಬಾಟಲಿಯನ್ನು ಗೋಡೆಗೆ ಬೀಸಿ ಒಡೆದ, ನಾನು ಮೀಟಿಂಗಿನಲ್ಲಿ ಒಡೆದ ಹಾಗೆಯೇ. ಸಲಾಕೆ ನೆಲಕ್ಕೆ ಬಿತ್ತು. "ಹೊಸ ಪೈಪ್‌ಗೆ ಎಲ್ಲಿ ಅಗೀಬೇಕು, ಹೇಳಮ್ಮಾ," ಎಂದ.

ನಾಳೆ ತೋರಿಸುತ್ತೇನೆಂದು ಹೇಳಿ ಕಳಿಸಿದೆ. ಅವನು ಹೋದ ಮೇಲೆ ಬಾಗಿಲ ಚಿಲಕ ಹಾಕಿದೆ.

"ಮೇಡಂ," ಎಂದಿತು ಹಿಂದಿನ ಮಂಚ. "ಗಂಡ ಆಗೋನು ಅಂದ್ರಲ್ಲ, ನನ್ನನ್ನ ಯಾರೂ ಕೇಳಲೇ ಇಲ್ಲ."

"ಎಚ್ಚರ ಯಾವಾಗ ಆಯ್ತು?"

"ಕತ್ತರಿ ಹೊತ್ತಿಗೆ."

"ಸರಿ, ಈಗ ಕೇಳ್ತೀನಿ. ಆಗ್ತೀರಾ?"

"ಹೊಡೆಯೋದು ಬಿಡ್ತೀರಾ?"

"ಇಲ್ಲ."

"ಹಾಗಾದ್ರೆ ಆಗ್ತೀನಿ."

ಊದಿದ ಕಣ್ಣಿನಿಂದಲೇ ನಗುತ್ತ, ನಾನು ಹೊಲಿದಿದ್ದ ಅಂಗೈ ಚಾಚಿದ. ನಾನು ಕತ್ತರಿ ಕೆಳಗಿಟ್ಟೆ.