ಬಿರುಗಾಳಿಯಲ್ಲಿ ಮೂಗು ಮುಚ್ಚಿದವಳು

ಲಾಂಚಿನಲ್ಲಿ ಅವನು ಪಕ್ಕದಲ್ಲಿ ಬಂದು ಕೂತ ಕ್ಷಣವೇ ಅವಳು ಬೇಡ ಎಂದು ತೀರ್ಮಾನಿಸಿಬಿಟ್ಟಳು. ಸಾಬೂನು ಕಾರ್ಖಾನೆಯಲ್ಲಿ ವಾಸನೆ ನೋಡಿ ಪಾಸು ಮಾಡುವುದು ಅವಳ ಕೆಲಸ. ಮೂಗೇ ಅವಳ ಅನ್ನ. ಆ ಮೂಗಿಗೆ ಅವನ ಅಂಗಿಯ ಸೆಂಟು ಗುದ್ದಿದಂತೆ ಬಡಿಯಿತು. ಅದರ ಅಡಿಯಲ್ಲಿ ಇನ್ನೇನೋ ಕೊಳೆತ ನಾತ.

ಅತ್ತಿಗೆ ಹುಡುಕಿದ ಸಂಬಂಧ. ಒಳಚರಂಡಿ ರಿಪೇರಿ ಮಾಡುವವನು, ಆದರೆ ಚಿನ್ನದಂಥ ಗುಣ ಎಂದಿದ್ದಳು. ಲಾಂಚಿನಲ್ಲಿ ಜೊತೆಯಾಗಿ ಹೋಗಿ, ಆಚೆ ದಡ ಮುಟ್ಟುವಷ್ಟರಲ್ಲಿ ಉತ್ತರ ಹೇಳಿಬಿಡು. ಅಲ್ಲಿ ಅವನ ಅಮ್ಮನ ಮುಂದೆ ನಿಂತಮೇಲೆ ಇಲ್ಲ ಅನ್ನುವುದು ಚೆನ್ನಾಗಿರುವುದಿಲ್ಲ ಎಂದೂ ಹೇಳಿ ಕಳಿಸಿದ್ದಳು.

ಅರ್ಧ ದಾರಿಗೆ ಬಿರುಗಾಳಿ ಎದ್ದಿತು. ಕಿಟಕಿಗಳನ್ನೆಲ್ಲ ಮುಚ್ಚಿದರು. ಒಬ್ಬರು ಕಕ್ಕಿದ್ದೇ ತಡ, ಇಡೀ ಲಾಂಚು ಶುರುಮಾಡಿತು. ಅವಳಿಗೂ ತಡೆಯಲಾಗದೆ ಎಲ್ಲವೂ ನೇರ ಅವನ ಹೊಸ ಬೂಟಿನ ಮೇಲೆ ಬಿತ್ತು.

ಅವನು ಮುಖ ಸಿಂಡರಿಸಲಿಲ್ಲ. ಅವಳ ಜಡೆಯನ್ನು ಹಿಂದಕ್ಕೆ ಹಿಡಿದುಕೊಂಡು, ಇನ್ನೂ ಇದ್ದರೆ ಇನ್ನೊಂದು ಬೂಟೂ ಖಾಲಿ ಇದೆ ಎಂದ. ನಾಚಿಕೆಯಿಂದ ಅವಳ ಕಿವಿ ಕೆಂಪಾಯಿತು. ಕಣ್ಣೆತ್ತಿದರೆ ಅವನ ತುಟಿಯಂಚಿನಲ್ಲಿ ಕಳ್ಳ ನಗು.

ಆಗಲೇ ಲಾಂಚಿನ ಹಿಂಬದಿಯ ಕಕ್ಕಸು ಉಕ್ಕಿ, ಕಪ್ಪು ನೀರು ಒಳಗೆ ಹರಿದುಬಂತು. ಜನ ಸೀಟು ಹತ್ತಿದರು. ಅವನೊಬ್ಬನೇ ಅಂಗಿ ಬಿಚ್ಚಿಟ್ಟು, ಬಲಗೈಯನ್ನು ಮೊಣಕೈವರೆಗೆ ಕಕ್ಕಸಿನ ಗುಂಡಿಯೊಳಗೆ ಇಳಿಸಿದ. ತಡಕಾಡಿ ತಡಕಾಡಿ ಒಂದು ಗಂಟು ಬಟ್ಟೆ ಎಳೆದು ತೆಗೆದ. ನೀರು ಗುಳುಗುಳು ಇಳಿಯಿತು. ಅವಳು ಮೂಗು ಮುಚ್ಚಿಕೊಂಡೇ ನೋಡುತ್ತಿದ್ದಳು. ಕಣ್ಣು ಮಾತ್ರ ಕೀಳಲಾಗಲಿಲ್ಲ.

ಮಳೆಯಲ್ಲಿ ನಿಂತು ಮೈ ತೊಳೆದುಕೊಂಡು ಬಂದವನು ನಾಲ್ಕು ಸೀಟು ದೂರ ಕೂತ. ಅವಳೇ ಎದ್ದು ಹೋಗಿ ಪಕ್ಕದಲ್ಲಿ ಕೂತಳು.

"ಅಷ್ಟೊಂದು ಸೆಂಟು ಯಾಕೆ ಸುರ್ಕೊಂಡ್ರಿ?"

"ನಿಮ್ಮ ಮೂಗಿನ ವಿಷಯ ನಿಮ್ಮತ್ತಿಗೆ ಹೇಳಿದ್ರು. ಭಯ ಆಯ್ತು."

"ಮುಚ್ಚಿಟ್ಟಿದ್ದೇ ಜಾಸ್ತಿ ನಾರ್ತಿತ್ತು."

ಅವನು ತಲೆ ತಗ್ಗಿಸಿದ. "ನಾಳೆನೂ ಇದೇ ಕೆಲಸ. ಎಷ್ಟು ತಿಕ್ಕಿದ್ರೂ ಉಗುರಲ್ಲಿ ಉಳ್ಕೊಳ್ಳುತ್ತೆ."

"ನಂಗೆ ಅಸಹ್ಯ ಆಗುತ್ತೆ. ಆಗಲ್ಲ ಅಂತ ಸುಳ್ಳು ಹೇಳಲ್ಲ."

ಗಾಳಿ ಸೋತಿತ್ತು. ದಡ ಹತ್ತಿರವಾಗುತ್ತಿತ್ತು. ಅವನು, ಹಾಗಾದರೆ ಅಮ್ಮನಿಗೆ ತಾನೇ ಏನಾದರೂ ಹೇಳಿಕೊಳ್ಳುತ್ತೇನೆ, ಅವಳು ಇದೇ ಲಾಂಚಿನಲ್ಲಿ ವಾಪಸು ಹೋಗಬಹುದು ಎಂದ.

"ಅಸಹ್ಯ ಅಂದೆ. ಬೇಡ ಅಂದ್ನಾ?"

ಅವನ ಕಣ್ಣು ಅರಳಿದ ರೀತಿಗೆ ಅವಳೇ ಮುಖ ತಿರುಗಿಸಬೇಕಾಯಿತು. ತನ್ನ ಹೊಟ್ಟೆಯೊಳಗಿದ್ದುದನ್ನೆಲ್ಲ ಕಂಡೂ ನಗಬಲ್ಲವನ ಮುಂದೆ ಇನ್ನು ಬಚ್ಚಿಡುವುದಕ್ಕೆ ಏನಿತ್ತು?

ಲಾಂಚು ದಡಕ್ಕೆ ತಾಗಿತು. ಇಳಿಯಲು ಅವನು ಎಡಗೈ ಚಾಚಿದ. ಅವಳು ಅದನ್ನು ಪಕ್ಕಕ್ಕೆ ಸರಿಸಿ, ಬಲಗೈಯನ್ನೇ ಹಿಡಿದಳು. ಇನ್ನೊಂದು ಕೈಯಿಂದ ಮೂಗು ಮುಚ್ಚಿಕೊಂಡಳು. ಹಿಡಿದ ಕೈ ಬಿಡಲಿಲ್ಲ.