ಯಾರನ್ನ ಕೇಳಿ ಸ್ಪೀಡ್ ಇಳಿಸಿದ್ರಿ?

"ಮನಿಯಾಗ ಸಣ್ಣ ಹುಡುಗ್ರು ಅದಾರೇನ್ರೀ?"

ಪರ್ಸಿನ ಜಿಪ್ ಎಳೆಯುತ್ತಿದ್ದ ಸುಕನ್ಯಾ ತಲೆ ಎತ್ತಿದಳು. "ಯಾಕೆ?"

"ಯಾರೋ ಬಯೋಸ್ ಸೆಟ್ಟಿಂಗಿನೊಳಗ ಹೊಕ್ಕು ಏನೇನೋ ಒತ್ತಿಟ್ಟಿದ್ರು ನೋಡ್ರೀ. ಪ್ರೊಸೆಸರ್ ಸ್ಪೀಡು ಎಲ್ಲಿಂದೆಲ್ಲಿಗೋ ಏರಿಬಿಟ್ಟಿತ್ತು. ನಾ ಎಲ್ಲಾ ಅಳಿಸಿ, ಕಂಪನಿಯವರು ಕೊಟ್ಟಂಗ ತಂದಿಟ್ಟೀನ್ರೀ. ಇನ್ನ ಚಿಂತಿ ಇಲ್ಲ."

ಹೇಳಿದವನು ವೀರೇಶ. ಗಂಗಾವತಿ ಕಡೆಯ ಹುಡುಗ, ವಿಜಯನಗರದ ಆ ಕಂಪ್ಯೂಟರ್ ಅಂಗಡಿಯಲ್ಲಿ ರಿಪೇರಿ ಕೆಲಸ. ದೊಡ್ಡ ಉಪಕಾರ ಮಾಡಿದವನ ಹಾಗೆ ಹಲ್ಲು ಬಿಟ್ಟು ನಗುತ್ತಿದ್ದ.

ಸುಕನ್ಯಾಳ ಕಿವಿ ಕೆಂಪಾಯಿತು.

"ಪವರ್ ಸಪ್ಲೈ ಬದಲಾಯಿಸಿ ಅಂತ ತಾನೇ ನಾನು ಕೊಟ್ಟಿದ್ದು?"

"ಹೌದ್ರೀ..."

"ಮತ್ತೆ ಯಾರನ್ನ ಕೇಳಿ ಸ್ಪೀಡ್ ಇಳಿಸಿದ್ರಿ?"

"ಅಲ್ರೀ, ಹುಡುಗ್ರು ತಿಳೀಲಾರದ..."

"ಆ ಹುಡುಗ್ರು ನಾನೇ!"

ಅಂಗಡಿಯಲ್ಲಿದ್ದ ಗಿರಾಕಿಗಳೆಲ್ಲ ತಿರುಗಿ ನೋಡಿದರು. ನೋಡಲಿ! ಅವಳಿಗೇನು?

"ಒಂದು ಪಾಯಿಂಟ್ ಎಂಟರ ಪ್ರೊಸೆಸರನ್ನ ಎರಡು ಪಾಯಿಂಟ್ ನಾಲ್ಕಕ್ಕೆ ಓಡಿಸ್ತಿದ್ದೆ. ಒಂದೊಂದು ಸೆಟ್ಟಿಂಗೂ ಹಾಕಿ, ಕೆಡಿಸ್ಕೊಂಡು, ಮತ್ತೆ ಹಾಕಿ... ಇಡೀ ಚಳಿಗಾಲ ಕೂತಿದೀನಿ ಕಣ್ರೀ ಅದರ ಮುಂದೆ! ನೀವು ಒಂದು ನಿಮಿಷದಲ್ಲಿ ಅಳಿಸಿಬಿಟ್ರಿ. ಒಂದು ಫೋನ್ ಮಾಡಿ ಕೇಳೋಕೆ ನಾಲಿಗೆ ಸೇದಿಹೋಗಿತ್ತಾ?"

ವೀರೇಶನ ನಗು ಇಳಿದುಹೋಯಿತು. ಅವನು ಬಾಯಿ ತೆರೆಯುವಷ್ಟರಲ್ಲಿ ಅವಳು ಸಿಪಿಯು ಡಬ್ಬ ಎತ್ತಿಕೊಂಡು ಆಟೋ ಹತ್ತಿಯಾಗಿತ್ತು.

ಹೇಳಿ, ಯಾರಿಗೆ ಸಿಟ್ಟು ಬರುವುದಿಲ್ಲ? ಹುಡುಗಿ ಕಂಪ್ಯೂಟರ್ ತಂದಳೆಂದರೆ ಅದರಲ್ಲಿ ಬೆರಳಾಡಿಸಿದವನು ತಮ್ಮನೇ ಆಗಿರಬೇಕು, ಇಲ್ಲ ಪಕ್ಕದ ಮನೆಯ ಪುಟ್ಟನೇ ಆಗಿರಬೇಕು. ಅವಳೇ ಮಾಡಿರಬಹುದು ಅಂತ ಒಬ್ಬ ಗಂಡಸಿನ ತಲೆಗಾದರೂ ಹೊಳೆಯಬಾರದೇ?

ಸುಕನ್ಯಾಳ ಕೆಲಸ ಮದುವೆ ವಿಡಿಯೋ ಮಿಕ್ಸಿಂಗು. ಮಾರೇನಹಳ್ಳಿಯ ಮನೆಯ ಮುಂದಿನ ಶೀಟು ಹೊದಿಸಿದ ಕೋಣೆಯೇ ಅವಳ ಸ್ಟುಡಿಯೋ. ಅರಳುವ ಕಮಲದೊಳಗಿಂದ ಮದುಮಗಳ ಮುಖ ಮೂಡಬೇಕು, ಧಾರೆ ಎರೆಯುವಾಗ ಮೇಲಿಂದ ಗುಲಾಬಿ ಉದುರಬೇಕು. ಇಲ್ಲದಿದ್ದರೆ ಬೀಗರು ಒಪ್ಪುವುದಿಲ್ಲ. ಆ ಹೂವನ್ನೆಲ್ಲ ವಿಡಿಯೋಗೆ ಸೇರಿಸಿ ಒಂದು ಮಾಡುವುದಕ್ಕೆ ರೆಂಡರ್ ಅನ್ನುತ್ತಾರೆ. ಕಂಪನಿ ಕೊಟ್ಟ ಸ್ಪೀಡಿನಲ್ಲಿ ಆ ರೆಂಡರ್ ಎಮ್ಮೆ ನಡೆದ ಹಾಗೆ ನಡೆಯುತ್ತಿತ್ತು. ಅದಕ್ಕೇ ಅವಳು ಪ್ರೊಸೆಸರಿನ ಸ್ಪೀಡು ಏರಿಸಿದ್ದು.

ಅಪ್ಪ ವೆಂಕಟಸ್ವಾಮಿಯವರು ಯುಗಾದಿಯ ದಿನವೇ ಹೇಳಿಬಿಟ್ಟಿದ್ದರು. "ಈ ಸೀಸನ್ ನೋಡ್ತೀನಿ ಕಣಮ್ಮ. ಡಿವಿಡಿ ತಡ ಆಯ್ತು ಅಂತ ಒಬ್ಬೇ ಒಬ್ಬ ಪಾರ್ಟಿ ಬಂದು ಬಾಗಿಲಲ್ಲಿ ಕೂಗಾಡಿದ್ರೂ ಸರಿ, ಆ ರೂಮು ಬಾಡಿಗೆಗೆ. ನಿನಗೆ ಗಂಡು ನೋಡ್ತೀನಿ."

ಆ ಕೋಣೆ ಹೋದರೆ ಅವಳ ಹೆಸರೇ ಹೋದ ಹಾಗೆ. ಅವಳನ್ನು ನಂಬಿ ಕೆಲಸ ಕೊಡುತ್ತಿದ್ದವರು ಫೋಟೋಗ್ರಾಫರ್ ದುಂಡಪ್ಪ ಒಬ್ಬರೇ. ಉಳಿದವರೆಲ್ಲ, "ಹೆಣ್ಣುಮಗು ಕೈಲಿ ಮಿಕ್ಸಿಂಗಾ?" ಅಂತ ಮೂಗು ಮುರಿದವರೇ.

ಮರುದಿನ ಬೆಳಿಗ್ಗೆ ಗೇಟಿನ ಬಳಿ ವೀರೇಶ ನಿಂತಿದ್ದ! ಬಿಲ್ಲಿನಲ್ಲಿ ವಿಳಾಸ ನೋಡಿಕೊಂಡು ಬಂದಿರಬೇಕು.

"ತಪ್ಪಾತ್ರೀ. ಕೇಳಲಾರದ ಮುಟ್ಟಬಾರದಿತ್ತು."

"ಸರಿ. ಹೇಳಾಯ್ತಲ್ಲ, ಹೊರಡಿ."

ಅವನು ಹೊರಡಲಿಲ್ಲ. ಕತ್ತಿನ ಹಿಂದೆ ಕೆರೆದುಕೊಂಡ. "ಸಿಟ್ಟಿಗೇಳಬ್ಯಾಡ್ರೀ... ಅದನ್ನ ಎರಡು ಪಾಯಿಂಟ್ ನಾಲ್ಕಕ್ಕ ಹೆಂಗ ನಿಲ್ಲಿಸಿದ್ರಿ? ನಾ ಎರಡ ಸಲ ಪ್ರಯತ್ನ ಮಾಡೀನಿ, ಎರಡೂ ಸಲ ಹ್ಯಾಂಗ್ ಆಗೇತಿ. ಹೇಳಿಕೊಡ್ತೀರೇನ್ರೀ?"

ಅವಳು ಅವನ ಮುಖ ನೋಡಿದಳು. ಅಣಕವೇ? ಅಲ್ಲ... ನಿಜವಾಗಿಯೂ ಕೇಳುತ್ತಿದ್ದಾನೆ! ಅಲ್ಲಿಯವರೆಗೆ ಅವಳನ್ನು 'ಹೆಂಗೆ ಮಾಡಿದೆ' ಅಂತ ಕೇಳಿದವರು ಒಬ್ಬರೂ ಇರಲಿಲ್ಲ.

"ಚಪ್ಪಲಿ ಹೊರಗೆ ಬಿಡಿ. ಕೈ ಕಟ್ಕೊಂಡು ಕೂತ್ಕೊಳ್ಳಿ. ಏನೂ ಮುಟ್ಟಂಗಿಲ್ಲ."

ಅವನು ಹಾಗೆಯೇ ಕೂತ. ಕಂಪ್ಯೂಟರ್ ಆನ್ ಮಾಡಿದ ಕೂಡಲೇ ಅವಳು ಡಿಲೀಟ್ ಕೀ ಒತ್ತಿದಳು, ಬಯೋಸಿನ ನೀಲಿ ಪರದೆ ತೆರೆದುಕೊಂಡಿತು. ಒಂದೊಂದಾಗಿ ಎಲ್ಲವನ್ನೂ ಮತ್ತೆ ಹಾಕುತ್ತಾ ವಿವರಿಸಿದಳು. ವೋಲ್ಟೇಜು ಇಷ್ಟೇ ಯಾಕೆ, ಮೆಮೊರಿಯನ್ನು ಸ್ವಲ್ಪ ನಿಧಾನಕ್ಕೆ ಓಡಿಸುವುದು ಯಾಕೆ... ವಿವರಿಸುತ್ತಾ ವಿವರಿಸುತ್ತಾ ಸಿಟ್ಟು ಎಲ್ಲೋ ಕರಗಿಹೋಗಿದ್ದು ಅವಳಿಗೇ ಗೊತ್ತಾಗಲಿಲ್ಲ.

ಆಮೇಲೆ ಪ್ರತಿ ಭಾನುವಾರವೂ ಅವನು ಬಂದ. ಶೀಟಿನ ಕೋಣೆ ಕಾದರೆ ಪ್ರೊಸೆಸರೂ ಕಾಯುತ್ತದೆ, ಚಳಿಗಾಲದಲ್ಲಿ ಸಲೀಸಾಗಿ ಓಡಿದ್ದು ಏಪ್ರಿಲಿನಲ್ಲಿ ಆಗಾಗ ಆಫ್ ಆಗುತ್ತಿದ್ದುದು ಅದಕ್ಕೇ ಅಂತ ಹೇಳಿದ. ಹೇಳಿ, "ಡಬ್ಬದ ಮುಚ್ಚಳ ಬಿಚ್ಚಲೇನ್ರೀ?" ಅಂತ ಕೇಳಿಯೇ ಬಿಚ್ಚಿದ. ಪಕ್ಕಕ್ಕೆ ಟೇಬಲ್ ಫ್ಯಾನ್ ಇಟ್ಟ. ಅವಳ ಅಮ್ಮ ಕೊಟ್ಟ ಉಪ್ಪಿಟ್ಟನ್ನು ಪ್ರತಿ ಸಲವೂ ಎರಡನೇ ಬಾರಿ ಹಾಕಿಸಿಕೊಂಡ.

ಶನಿವಾರ ಬಂತೆಂದರೆ ಅವಳು ನಾಳೆ ಯಾವ ಚೂಡಿದಾರ ಅಂತ ಯೋಚಿಸತೊಡಗಿದಳು. 'ಛೀ, ಏನಾಗಿದೆ ನನಗೆ?' ಅಂತ ತನ್ನನ್ನೇ ಬೈದುಕೊಂಡಳು. ಬೈದುಕೊಂಡರೂ ಹೊಸ ಚೂಡಿದಾರವೇ ಹಾಕಿಕೊಂಡಳು!

ಮೇ ತಿಂಗಳ ಒಂದು ಮಧ್ಯಾಹ್ನ ಪ್ರೊಸೆಸರ್ ಕಾಯದಂತೆ ಹಚ್ಚುವ ಥರ್ಮಲ್ ಪೇಸ್ಟ್ ತರುವ ನೆಪ ಮಾಡಿಕೊಂಡು ಅವಳು ಅಂಗಡಿಗೆ ಹೋದಳು. ವೀರೇಶ ಮಾನಿಟರ್ ಡಬ್ಬಗಳ ಹಿಂದೆ ನಿಂತು ಮೊಬೈಲಿನಲ್ಲಿ ಊರಲ್ಲಿದ್ದ ತಾಯಿ ಲಕ್ಷ್ಮವ್ವನ ಜೊತೆ ಮಾತಾಡುತ್ತಿದ್ದ. ಇವಳು ಬಂದದ್ದು ಅವನಿಗೆ ಕಾಣಲಿಲ್ಲ.

"ಹೂಂ ಯವ್ವಾ, ಅಕಿನ. ಮಾರೇನಹಳ್ಳಿ ಸುಕನ್ಯಾ... ಏ, ನೀ ಯಾಕ ಚಿಂತಿ ಮಾಡ್ತಿ? ಅಕಿ ವಿಷಯಾನ ನಾ ಹಗೂರಕ ತಗೊಂಡೀನಿ."

ಸುಕನ್ಯಾ ಅಲ್ಲೇ ಕಲ್ಲಾದಳು.

ಹಗುರಕ್ಕೆ ತಗೊಂಡಿದ್ದಾನಾ? ನನ್ನನ್ನ? ಇಷ್ಟು ಭಾನುವಾರ ಎದುರಿಗೆ ಕೂತು, ತಲೆಯಾಡಿಸಿ, ನಮ್ಮಮ್ಮನ ಉಪ್ಪಿಟ್ಟು ತಿಂದು... ಅವರಮ್ಮನ ಹತ್ತಿರ ಹೀಗೆ ಹೇಳ್ತಾನಾ? 'ಚಿಂತೆ ಮಾಡಬೇಡ, ಅದೇನು ದೊಡ್ಡ ವಿಷಯ ಅಲ್ಲ' ಅಂತಾನಾ!

ಅಳು ಬರುತ್ತಿತ್ತು. ಆದರೆ ಅಳುವುದಕ್ಕಿಂತ ಬೈಯುವುದು ಅವಳಿಗೆ ಸುಲಭ.

"ವೀರೇಶ್ ಅವ್ರೇ!"

ಅವನು ಗಾಬರಿಯಾಗಿ ಫೋನ್ ಇಳಿಸಿದ. "ಸುಕನ್ಯಾ... ಯಾವಾಗ ಬಂದ್ರೀ?"

"ಇನ್ಮೇಲೆ ನಮ್ಮನೆ ಒಳಗೆ ಕಾಲಿಡ್ಬೇಡಿ."

"ಯಾಕ್ರೀ? ಏನಾತ್ರೀ?"

"ಏನಾಯ್ತು ಅಂತ ನನ್ನನ್ನೇ ಕೇಳ್ತೀರಲ್ಲ, ನಾಚಿಕೆ ಆಗಲ್ವಾ ನಿಮಗೆ? ಮುಖ ತೋರಿಸ್ಬೇಡಿ!"

ಆ ಭಾನುವಾರ ಅವನು ಬರಲಿಲ್ಲ. ಅವನು ಬರಲಿಲ್ಲವೆಂದು ಮತ್ತೆ ಸಿಟ್ಟು! 'ಬರಬೇಡ ಅಂದ್ರೆ ಬರದೇ ಇರೋದಾ? ನೋಡು, ಎಷ್ಟು ಹಗುರ ನಾನು...' ಅಂದುಕೊಂಡು ದಿಂಬಿಗೆ ಮುಖ ಒತ್ತಿ ಅತ್ತಳು.

ಅಷ್ಟರಲ್ಲಿ ದುಂಡಪ್ಪನವರು ಒಂದು ಮದುವೆಯ ಕ್ಯಾಸೆಟ್ ತಂದುಕೊಟ್ಟರು. "ಸುಕನ್ಯಮ್ಮ, ಗುರುವಾರ ಸಂಜೆ ಬಂದು ಡಿವಿಡಿ ತಗೊಂಡು ಹೋಗ್ತೀನಿ. ಹುಡುಗ ಹುಡುಗಿ ಅವತ್ತೇ ರಾತ್ರಿ ದುಬೈಗೆ ಹೊರಡ್ತಾರೆ. ಹುಡುಗಿ ಅಪ್ಪ ಸ್ವಲ್ಪ ಬಾಯಿ ಜೋರು. ತಡ ಆದ್ರೆ ನಿಮ್ಮ ಮನೆ ಮುಂದೆ ಬಂದು ನಿಂತ್ಕೋತಾನೆ, ನೋಡ್ಕೊಳ್ಳಿ."

ಮನೆ ಮುಂದೆ! ಅಪ್ಪನ ಎದುರಿಗೆ!

ಗುರುವಾರ ಬೆಳಿಗ್ಗೆ ಎಡಿಟಿಂಗ್ ಮುಗಿಯಿತು, ರೆಂಡರ್ ಮಾತ್ರ ಬಾಕಿ. ಲೆಕ್ಕ ಹಾಕಿದರೆ ಈಗಿನ ಸ್ಪೀಡಿನಲ್ಲಿ ಸಂಜೆಗೆ ಮುಗಿಯುವುದು ಅನುಮಾನ. ಸಿಟ್ಟು, ನಿದ್ದೆಗೇಡು, ಹಟ... ಎಲ್ಲ ಸೇರಿ ಅವಳು ಬಯೋಸಿಗೆ ಹೋಗಿ, ಬೋರ್ಡಿನೊಳಗಿನ 'ಬಸ್' ವೇಗವನ್ನು 266ರಿಂದ ಒಂದೇ ನೆಗೆತಕ್ಕೆ 300ಕ್ಕೆ ಏರಿಸಿಬಿಟ್ಟಳು. ಪ್ರೊಸೆಸರ್ ಓಡುವುದು ಆ ವೇಗ ನೋಡಿಕೊಂಡೇ. ಹೀಗೆ ಹಾರಿಸಬಾರದು ಅಂತ ಅವಳಿಗೆ ಚೆನ್ನಾಗಿಯೇ ಗೊತ್ತಿತ್ತು, ಆದರೂ ಏರಿಸಿದಳು.

ಪರದೆ ಕಪ್ಪಾಯಿತು. ಮತ್ತೆ ಆನ್ ಮಾಡಿದಳು. ಕಪ್ಪು. ಮತ್ತೆ... ಕಪ್ಪು!

ಅಂಗಡಿಗೆ ಫೋನ್ ಮಾಡಿದಳು. "ಸಾರ್, ಅರ್ಜೆಂಟು. ಯಾರನ್ನಾದ್ರೂ ಕಳಿಸಿ. ವೀರೇಶ್ ಬೇಡ, ಬೇರೆ ಯಾರಾದ್ರೂ."

ಹತ್ತು ನಿಮಿಷಕ್ಕೆಲ್ಲ ಗೇಟಿನ ಹೊರಗೆ ಸೈಕಲ್ಲು ನಿಂತಿತು. ಬಂದವನು ವೀರೇಶನೇ!

"ನಿಮ್ಮನ್ನ ಬೇಡ ಅಂದಿದ್ನಲ್ಲ?"

"ಬ್ಯಾರೆ ಯಾರೂ ಇರ್ಲಿಲ್ರೀ. ನೀವು ಕಾಲಿಡಬ್ಯಾಡ ಅಂದೀರಿ, ಇಡಂಗಿಲ್ಲ. ಇಲ್ಲೇ ಕಿಡಕಿ ಹತ್ರ ನಿಂತು ಹೇಳ್ತೀನಿ, ನೀವ ಮಾಡ್ರೀ."

ಹೇಳಿದ ಹಾಗೆಯೇ ಹೊರಗಿನ ಸುಡುಬಿಸಿಲಲ್ಲಿ, ಕಿಟಕಿಯ ಸರಳು ಹಿಡಿದು ನಿಂತ. ಒಂದು ವಾರದಲ್ಲಿ ಮುಖ ಬಾಡಿಹೋಗಿತ್ತು. ಅವಳು ನೋಡಿಯೂ ನೋಡದವಳಂತೆ ಮುಖ ತಿರುಗಿಸಿದಳು.

"ಎಷ್ಟಕ್ಕ ಏರಿಸಿದ್ರಿ?"

"ಮುನ್ನೂರು."

"ಒಮ್ಮೆಗೇ?!"

"ಹೌದು, ಒಮ್ಮೆಗೇ! ಏನೀವಾಗ?"

ಅವನು ಬೈಯಲಿಲ್ಲ. "ಸೆಟ್ಟಿಂಗ್ ಅಳಿಸಬೇಕಾಗ್ತದ್ರೀ. ಅಳಿಸ್ತೀರೇನು?"

ಅವಳು ತುಟಿ ಕಚ್ಚಿಕೊಂಡು, ಮದರ್‌ಬೋರ್ಡಿನ ಮೇಲಿನ ಜಂಪರ್ ಅನ್ನುವ ಪುಟ್ಟ ಕ್ಲಿಪ್ಪು ಕಿತ್ತು, ಪಕ್ಕದ ಪಿನ್ನಿಗೆ ಹಾಕಿ, ಮತ್ತೆ ಮೊದಲಿನ ಜಾಗಕ್ಕೇ ಹಾಕಿದಳು. ಪರದೆ ಬೆಳಗಿತು. ಎಲ್ಲವೂ ಮೊದಲಿನಿಂದ. ಇಷ್ಟು ದಿನ ನಿಂತಿದ್ದ 266ರವರೆಗೂ ಸಲೀಸಾಗಿ ಬಂದಳು.

"ಇಲ್ಲಿಂದ ಮುಂದ ಅವಸರ ಮಾಡಬ್ಯಾಡ್ರೀ. ಹಗೂರಕ ಏರಿಸ್ರೀ," ಅಂದ ವೀರೇಶ.

ಅವಳ ಬೆರಳು ಕೀ ಮೇಲೆಯೇ ನಿಂತಿತು.

"ಏನಂದ್ರಿ?"

"ಹಗೂರಕ ಏರಿಸ್ರೀ ಅಂದೆ. ಐದೈದ ಏರಿಸಿ, ಒಂದೊಂದ ಸಲ ನೋಡ್ಕೋತ..."

"ಹಗೂರಕ ಅಂದ್ರೆ ಏನು ನಿಮ್ಮೂರಲ್ಲಿ?"

ಅವನು ಕಣ್ಣು ಪಿಳಿಪಿಳಿ ಬಿಟ್ಟ. "ಹಗೂರಕ ಅಂದ್ರ... ಸಾವಕಾಶ್ರೀ. ಮೆಲ್ಲಕ. ಕೂಸಿನ್ನ ಮಲಗಿಸ್ತೀವಲ್ರೀ, ಹಂಗ."

ಅಯ್ಯೋ ಶಿವನೇ!

ಹಗುರ ಅಲ್ಲ... ಮೆಲ್ಲಗೆ! 'ಅಕಿ ವಿಷಯಾನ ಹಗೂರಕ ತಗೊಂಡೀನಿ...' ಅಂದರೆ ಅವಸರ ಮಾಡುತ್ತಿಲ್ಲ, ನೋವಾಗದ ಹಾಗೆ, ಮೆಲ್ಲಗೆ... ಅವಳ ಕಣ್ಣು ತುಂಬಿಬಂತು. ಒಂದು ವಾರ ಈ ಮನುಷ್ಯನಿಗೆ ಮನಸ್ಸಿನಲ್ಲೇ ಏನೆಲ್ಲ ಶಾಪ ಹಾಕಿದ್ದಳು!

ಬಿಕ್ಕುತ್ತಲೇ ಎಲ್ಲ ಹೇಳಿದಳು. ಅಂಗಡಿಯಲ್ಲಿ ಕೇಳಿಸಿಕೊಂಡದ್ದು, ತಿಳಿದುಕೊಂಡದ್ದು. ಅವನು ಹಣೆ ಹಣೆ ಚಚ್ಚಿಕೊಂಡ.

"ಯಪ್ಪಾ! ನಿಮ್ಮನ್ನ ನಾ ಹಗುರ ಮಾಡ್ತೀನೇನ್ರೀ? ನಮ್ಮವ್ವ ಲಗೂನ ಹೋಗಿ ಹೆಣ್ಣು ಕೇಳೂಣು ಅಂತ ಕುಂತಿದ್ಲು. ನಾನ ತಡದೆ. ಮದುವಿ ವಿಷಯ..."

"ಒಂದ್ನಿಮಿಷ!"

ಅವಳು ಕಣ್ಣೊರೆಸಿಕೊಂಡಳು. ಕಿವಿ ಮತ್ತೆ ಕೆಂಪಾಯಿತು.

"ಮದುವೆ ವಿಷಯ ನಿಮ್ಮಮ್ಮನಿಗೆ ಹೇಳಿದ್ರಾ?"

"ಹೂಂರೀ..."

"ನಿಮ್ಮಮ್ಮನಿಗೆ ಗೊತ್ತು. ನಿಮ್ಮೂರಿಗೆಲ್ಲ ಗೊತ್ತಿರ್ಬೇಕು. ಮದುವೆ ಆಗ್ಬೇಕಾದವಳಿಗೆ ಮಾತ್ರ ಗೊತ್ತಿಲ್ಲ! ಅವತ್ತು ಸ್ಪೀಡ್ ಇಳಿಸೋಕೂ ಕೇಳ್ಲಿಲ್ಲ, ಇವತ್ತು ಇದಕ್ಕೂ ಕೇಳ್ಲಿಲ್ಲ! ನನ್ನ ಬಾಯಿಗೇನು ಬೀಗ ಹಾಕಿದ್ಯಾ? ಮೊದಲು ನನ್ನನ್ನ ಕೇಳ್ಬೇಕು ತಾನೇ?"

"ಕೇಳಿದ್ರ ಬೈತೀರಿ ಅಂತ ಹೆದರಿಕಿ ಆಗಿತ್ರೀ."

"ಕೇಳದೇ ಇದ್ರೆ ಬೈಯಲ್ವಾ?"

"ಈಗ ಕೇಳ್ಲೇನ್ರೀ?"

"ಇರಿ!"

ಅವಳು ಕಂಪ್ಯೂಟರಿನ ಕಡೆ ತಿರುಗಿದಳು. ಐದೈದಾಗಿ, ಹಗೂರಕ, ಏರಿಸುತ್ತಾ ಹೋದಳು. 281ರಲ್ಲಿ ಅದು ನೆಮ್ಮದಿಯಾಗಿ ನಿಂತಿತು. ರೆಂಡರ್ ಶುರು ಮಾಡಿ, ಟೇಬಲ್ ಫ್ಯಾನ್ ಸರಿಯಾಗಿ ತಿರುಗಿಸಿಟ್ಟು, ಕಿಟಕಿಯ ಹತ್ತಿರ ಬಂದಳು.

"ಈಗ ಕೇಳಿ."

ವೀರೇಶ ಗಂಟಲು ಸರಿ ಮಾಡಿಕೊಂಡ. ಹಣೆಯಿಂದ ಬೆವರಿಳಿಯುತ್ತಿತ್ತು.

"ಸುಕನ್ಯಾ... ನನಗ ನೀವಂದ್ರ ಭಾಳ ಇಷ್ಟ. ನಿಮ್ಮ ಸಿಟ್ಟೂ ಇಷ್ಟ. ನನ್ನ ಮದುವಿ ಆಗ್ತೀರೇನ್ರೀ?"

ಅವಳು ಹಿಂದೆ ತಿರುಗಿ ಕೋಣೆಯನ್ನೊಮ್ಮೆ ನೋಡಿದಳು.

"ಮದುವೆ ಆದ್ಮೇಲೂ ನಾನು ಈ ಕೆಲಸ ಬಿಡಲ್ಲ."

"ಬಿಡು ಅಂದೋರ್ಯಾರ್ರೀ?"

"ಸರಿ. ಹಾಗಾದ್ರೆ ಆಗ್ತೀನಿ."

ಸಂಜೆ ದುಂಡಪ್ಪನವರು ಬರುವ ಹೊತ್ತಿಗೆ ಡಿವಿಡಿ ಬಿಸಿಬಿಸಿಯಾಗಿ ಅವರ ಕೈಗೆ ಸಿಕ್ಕಿತು. ಅವರು ಜೋರಾಗಿ, ಒಳಗಿದ್ದವರಿಗೂ ಕೇಳಿಸುವ ಹಾಗೆ, "ಮುಂದಿನ ಸೀಸನ್ ಪೂರ್ತಿ ಕೆಲಸ ನಿಮಗೇ ಕಣಮ್ಮ!" ಅಂದರು. ಜಗಲಿಯಲ್ಲಿ ಪೇಪರ್ ಓದುತ್ತಿದ್ದ ವೆಂಕಟಸ್ವಾಮಿಯವರು ಕೆಮ್ಮಿದರು. ಕೋಣೆಯ ಬಾಡಿಗೆಯ ಮಾತು ಆಮೇಲೆ ಅವರ ಬಾಯಲ್ಲಿ ಬರಲೇ ಇಲ್ಲ. ಅಂಗಡಿ ಕೆಲಸ ಮುಗಿಸಿ ಮತ್ತೆ ಬಂದು ಗೇಟಿನ ಹೊರಗೇ ನಿಂತಿದ್ದ ಹುಡುಗನನ್ನು ನೋಡಿ, "ಯಾಕಪ್ಪ ಅಲ್ಲೇ ನಿಂತೆ? ಒಳಗೆ ಬಾ," ಅಂದರು.

ವೀರೇಶ ಸುಕನ್ಯಾಳ ಕಡೆ ನೋಡಿದ. ಅವಳು ಗೇಟಿನ ಚಿಲಕ ತೆಗೆದಳು.

"ಬನ್ನಿ. ಆದ್ರೆ ಒಂದು ಮಾತು," ಅಂತ ಪಿಸುಗುಟ್ಟಿದಳು. "ಮಾತಿಗೊಂದು ಸಲ 'ರೀ' ಅಂತೀರಲ್ಲ, ಅದನ್ನ ಬಿಟ್ಬಿಡಿ. ನಮ್ಮ ಕಡೆ ಅದು ಹೆಂಡತಿ ಗಂಡನ್ನ ಕರೆಯೋದು. ಇನ್ಮೇಲೆ ಅದು ನಂದು."

"ಹೌದೇನ್ರೀ?"

ಅವಳು ಕಣ್ಣು ಕೆಕ್ಕರಿಸಿದಳು. ಅವನು ನಾಲಿಗೆ ಕಚ್ಚಿಕೊಂಡ. ಆಮೇಲೆ ಇಬ್ಬರಿಗೂ ನಗು ತಡೆಯಲಾಗಲಿಲ್ಲ.

"ಒಳಗೆ ಬನ್ನಿ... ರೀ," ಅಂದಳು ಸುಕನ್ಯಾ.