ಇಲ್ಲಿ ಸ್ಟಾಪ್ ಇಲ್ಲ

“ಅಪ್ಪಾ, ಸೀಲ್! ಅಲ್ಲಿ, ಮರಳ ಮೇಲೆ! ನಿಲ್ಸು ಅಪ್ಪಾ, ನಿಲ್ಸು!”

ಚೂಟಿ ಕಿಟಕಿಗೆ ಮೂಗು ಒತ್ತಿಕೊಂಡು ಕೂಗಿದಳು. ಕೂಗಿ ಮುಗಿಸುವಷ್ಟರಲ್ಲಿ ಮರಳು ಹೋಗಿ ಬಂಡೆ ಬಂತು, ಬಂಡೆ ಹೋಗಿ ತಿರುವು ಬಂತು. ವ್ಯಾನ್ ಮಾತ್ರ ನಿಲ್ಲಲಿಲ್ಲ.

“ಇಲ್ಲಿ ಸ್ಟಾಪ್ ಇಲ್ಲ ಪುಟ್ಟಾ,” ಎಂದ ಅಪ್ಪ, ಸ್ಟೇರಿಂಗ್ ತಿರುಗಿಸುತ್ತ. “ಮುಂದಿನ ಸ್ಟಾಪ್ ಲೈಟ್‌ಹೌಸ್. ಅಲ್ಲಿ ಬೇಕಾದಷ್ಟು ನೋಡು.”

ಚೂಟಿಯ ಅಪ್ಪ ಸಿಟಿ ಬಸ್ ಡ್ರೈವರ್. ಊರಿನ ಬಸ್‌ಗಳಲ್ಲೆಲ್ಲ ಸರಿಯಾದ ಟೈಮಿಗೆ ಬರುವುದು ಅವನದೊಂದೇ ಎಂದು ಹೆಸರು ಬೇರೆ. ಜನ ಅವನ ಬಸ್ ನೋಡಿಯೇ ಗಡಿಯಾರ ಸರಿಮಾಡಿಕೊಳ್ಳುತ್ತಾರಂತೆ. ಹಾಗೆಂದು ಹೇಳಿದ್ದೂ ಅಪ್ಪನೇ. ಅಂಥವನಿಗೆ ಈ ಸಲ ಒಂದು ವಾರ ರಜೆ ಸಿಕ್ಕಿತು. ರಜೆಯಲ್ಲಾದರೂ ಸ್ಟೇರಿಂಗ್ ಸಹವಾಸ ಸಾಕಪ್ಪಾ ಎನ್ನಬೇಕಾದ ಮನುಷ್ಯ ಏನು ಮಾಡಿದ? ಮಂಚ, ಒಲೆ, ಅಂಗೈಯಗಲದ ಸಿಂಕ್ ಎಲ್ಲ ಇರುವ ಒಂದು ಕ್ಯಾಂಪರ್ ವ್ಯಾನ್ ಬಾಡಿಗೆಗೆ ತಂದ.

“ಕಡಲ ದಂಡೆ ಉದ್ದಕ್ಕೂ ಹೋಗೋಣ. ಪ್ರಾಣಿ, ಪಕ್ಷಿ ಎಲ್ಲಾ ನೋಡ್ಕೊಂಡು ಆರಾಮಾಗಿ ಬರೋಣ,” ಎಂದ.

ಆರಾಮ ಎಂದರೆ ಅಪ್ಪನ ಲೆಕ್ಕದಲ್ಲಿ ಬೆಳಗ್ಗೆ ಕಾಫಿ ಕುಡಿದ ಕೂಡಲೇ ಹೊರಡುವುದು, ತಾನು ಮೊದಲೇ ಗೊತ್ತುಮಾಡಿದ ಜಾಗ ಬಿಟ್ಟು ಬೇರೆಲ್ಲೂ ನಿಲ್ಲಿಸದಿರುವುದು. ಪಾಪ, ಆ ಜಾಗಗಳು ಯಾವುವೆಂದು ಪ್ರಾಣಿಗಳಿಗೆ ಯಾರೂ ತಿಳಿಸಿರಲಿಲ್ಲ. ವ್ಯಾನ್ ಪೆಟ್ರೋಲ್ ಬಂಕ್ ದಾಟಿದ ಮೇಲೆ ಡಾಲ್ಫಿನ್‌ಗಳು ನೆಗೆದವು. ನರಿಮರಿಗಳು ಸೇತುವೆಯ ಪಕ್ಕ ಆಟವಾಡುತ್ತಿದ್ದವು. ‘ಸೀಲ್ ನೋಡುವ ಜಾಗ’ ಎಂದು ದೊಡ್ಡ ಬೋರ್ಡ್ ಹಾಕಿದ ಕಡೆ ಮಾತ್ರ ಇವರು ಸರಿಯಾದ ಟೈಮಿಗೆ ತಲುಪಿ, ಖಾಲಿ ಬಂಡೆಗಳನ್ನು ನೋಡಿ, ಸರಿಯಾದ ಟೈಮಿಗೆ ಹೊರಟಿದ್ದರು.

ಚೂಟಿ ತೆಗೆದ ಫೋಟೋಗಳ ಕತೆಯಂತೂ ಕೇಳಲೇಬೇಡಿ. ಒಂದೊಂದರಲ್ಲೂ ಒಂದೊಂದು ಬೂದು ಗೆರೆ. ಇದು ಡಾಲ್ಫಿನ್, ಇದು ನರಿ ಎಂದು ಅವಳೇ ಪಕ್ಕದಲ್ಲಿ ನಿಂತು ಹೇಳಬೇಕು.

ಅವಳಿಗೆ ಬೇಕಾಗಿದ್ದದ್ದು ಒಂದು ಸೀಲ್. ಎಣ್ಣೆ ಹಚ್ಚಿದ ದಿಂಬಿಗೆ ಮೀಸೆ ಬಂದರೆ ಹೇಗಿರುತ್ತದೋ ಹಾಗಿರುವ ಕಡಲ ಪ್ರಾಣಿ. ಎರಡನೇ ಕ್ಲಾಸಿನಿಂದ ಅವಳು ಅದರ ಚಿತ್ರ ಬರೆದದ್ದೇ ಬರೆದದ್ದು. ನಿಜವಾದದ್ದನ್ನು ಒಂದು ಸಲ ಕಣ್ತುಂಬ ನೋಡಬೇಕು, ಅಷ್ಟೇ. ಇವತ್ತು ಕೊನೆಯ ದಿನ. ಸಂಜೆಗೆ ವ್ಯಾನ್ ವಾಪಸ್ ಕೊಡಬೇಕು. ಕೊನೆಗೂ ಸಿಕ್ಕಿದ ಸೀಲ್ ಹಿಂದಿನ ಗಾಜಿನಲ್ಲಿ ಚುಕ್ಕಿಯಾಗಿ ಹೋಗಿತ್ತು.

ಚೂಟಿಗೆ ಅಳು ಒತ್ತರಿಸಿ ಬಂತು. “ನಿಂಗೆ ಸೀಲೂ ಬೇಡ, ನಾನೂ ಬೇಡ. ರಸ್ತೆ ಒಂದಿದ್ರೆ ಸಾಕು!”

ಅಪ್ಪನ ಕಿವಿ ಕೆಂಪಾಯಿತು.

“ನಿಮ್ಮಪ್ಪಂಗೆ ರಜ ಸಿಕ್ಕಿದೆ ಕಣೇ,” ಎಂದಳು ಮುಂದೆ ಕೂತಿದ್ದ ಅಮ್ಮ. “ಅವರ ಕಾಲಿಗೆ ಇನ್ನೂ ಸಿಕ್ಕಿಲ್ಲ.”

ಅಮ್ಮ ಒಬ್ಬಳೇ ನಕ್ಕಳು. ಅಷ್ಟರಲ್ಲಿ ಇನ್ನೊಂದು ತಿರುವು ಬಂತು, ಅಪ್ಪ ಬ್ರೇಕ್ ಒತ್ತಿದ. ಸಿಂಕಿನಲ್ಲಿದ್ದ ಪಾತ್ರೆಗಳು ದಡಬಡ ಎಂದು ಕೆಳಗೆ ಬಿದ್ದವು.

ರಸ್ತೆಯ ನಟ್ಟನಡುವೆ ಒಂದು ಸೀಲ್ ಮಲಗಿತ್ತು.

ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಕಡಲು. ಪಕ್ಕದಿಂದ ನುಸುಳಿಕೊಂಡು ಹೋಗೋಣ ಎಂದರೆ ಜಾಗವಿಲ್ಲ. ಸೀಲ್ ಮಾತ್ರ, ಆ ರಸ್ತೆಯೇ ತನ್ನಪ್ಪನ ಆಸ್ತಿ ಎನ್ನುವಂತೆ ಹೊಟ್ಟೆ ಮೇಲೆ ಮಾಡಿ ಗೊರಕೆ ಹೊಡೆಯುತ್ತಿತ್ತು.

ಅಪ್ಪ ವಾಚ್ ನೋಡಿಕೊಂಡ. ಕಿಟಕಿಯಿಂದ ತಲೆ ಹೊರಗೆ ಹಾಕಿ, “ಸ್ವಲ್ಪ ಸರ್ಕೊಳ್ಳಿ! ದಾರಿ ಬಿಡಿ, ದಾರಿ ಬಿಡಿ!” ಎಂದ. ಅಭ್ಯಾಸಬಲ.

ಸೀಲ್ ಒಂದು ಕಣ್ಣು ತೆರೆಯಿತು. ಅಪ್ಪನನ್ನು ನೋಡಿತು. ಬಾಯ್ತುಂಬ ಆಕಳಿಸಿ ಮತ್ತೆ ಕಣ್ಣು ಮುಚ್ಚಿತು. ಅಪ್ಪನ ಇಷ್ಟು ವರ್ಷಗಳ ಸರ್ವೀಸಿನಲ್ಲಿ ಯಾವ ಪ್ಯಾಸೆಂಜರೂ ಅವನ ಮಾತಿಗೆ ಇಷ್ಟು ಕಡಿಮೆ ಬೆಲೆ ಕೊಟ್ಟಿರಲಿಲ್ಲ.

ಅಪ್ಪನ ಕೈ ಹಾರ್ನ್ ಕಡೆ ಹೋಯಿತು.

“ಹಾರ್ನ್ ಬೇಡ ಅಪ್ಪಾ! ಹೆದರ್ಕೊಳ್ಳುತ್ತೆ!”

ಅಪ್ಪ ಕೈ ಹಿಂದಕ್ಕೆ ತೆಗೆದುಕೊಂಡ. ಸ್ವಲ್ಪ ಹೊತ್ತು ಯೋಚಿಸಿ ಎಂಜಿನ್ನೂ ಆಫ್ ಮಾಡಿದ. ಆಗ ಅಲೆಗಳ ಸದ್ದು ವ್ಯಾನಿನೊಳಗೆ ಬಂತು.

“ನೀನಿಲ್ಲಿ ಬಾ. ನಾನು ಪಾತ್ರೆ ಎತ್ತಿಡ್ತೀನಿ,” ಎಂದು ಅಮ್ಮ ಎದ್ದಳು. ಚೂಟಿ ಮುಂದಿನ ಸೀಟಿಗೆ ಹಾರಿದಳು. ಸೀಲಿನ ಮೂಗಿಗೆ ಮರಳು ಅಂಟಿತ್ತು. ಉಸಿರು ಬಿಟ್ಟಾಗಲೆಲ್ಲ ಮೀಸೆ ನಡುಗುತ್ತಿತ್ತು. ಫೋಟೋ ತೆಗೆಯುವುದು ಅವಳಿಗೆ ಮರೆತೇಹೋಯಿತು. ಅವಳಿಗೆ ತುಂಬ ಖುಷಿಯಾಗಿತ್ತು.

“ಏ, ಅದಕ್ಕೆ ಉಗುರಿದೆ ಕಣೇ,” ಎಂದು ಅಪ್ಪ ಪಿಸುಗುಟ್ಟಿದ. ಅವನು ಸ್ಟೇರಿಂಗ್ ಮೇಲೆ ಗಲ್ಲ ಊರಿ, ಬಾಯಿ ತೆರೆದುಕೊಂಡು ನೋಡುತ್ತಿದ್ದ. “ರೆಕ್ಕೆ ಥರ ಇರೋ ಕೈಗೆ ಉಗುರು! ನೋಡಿದ್ಯಾ?”

“ಡಾಲ್ಫಿನ್ ಬಂದಾಗ ನೀನು ಹಿಂಗೆಲ್ಲ ಅನ್ನಲೇ ಇಲ್ಲ,” ಎಂದಳು ಚೂಟಿ. ಅವಳ ಸಿಟ್ಟು ಇನ್ನೂ ಪೂರ್ತಿ ಇಳಿದಿರಲಿಲ್ಲ.

“ಯಾವ ಡಾಲ್ಫಿನ್?”

“ಪೆಟ್ರೋಲ್ ಬಂಕ್ ಆದ್ಮೇಲೆ! ಆಮೇಲೆ ನರಿಮರಿ?”

“ನೀನು ಕೂಗಿದ್ದು ಕೇಳಿಸ್ತು,” ಎಂದ ಅಪ್ಪ. “ನಾನೆಲ್ಲಿ ನೋಡ್ಲಿ? ಆ ತಿರುವಲ್ಲಿ ಪಕ್ಕಕ್ಕೆ ನೋಡಿದ್ರೆ ನಾವೂ ಡಾಲ್ಫಿನ್ ಜೊತೆಗೇ ಈಜ್ತಾ ಇರ್ತಿದ್ವಿ.”

ಚೂಟಿಗೆ ನಗು ಬಂತು. ಬಂದ ನಗು ಅರ್ಧಕ್ಕೇ ನಿಂತಿತು. ಅವಳ ಹತ್ತಿರ ಬೂದು ಗೆರೆಗಳಾದರೂ ಇದ್ದವು. ಅಪ್ಪ ವಾರವಿಡೀ ನೋಡಿದ್ದು ಡಾಂಬರು.

ಸೀಲ್ ತನಗೆ ಬೇಕಾದಾಗ ಎದ್ದಿತು. ಹೊಟ್ಟೆ ಎಳೆದುಕೊಂಡು, ಯಾವ ಅವಸರವೂ ಇಲ್ಲದೆ ಕಡಲಿನ ಕಡೆ ಇಳಿಯತೊಡಗಿತು. ರಸ್ತೆ ಖಾಲಿಯಾಯಿತು. ಹಿಂದೆ ಬಂದು ನಿಂತಿದ್ದ ಕಾರಿನವನು ಹಾರ್ನ್ ಹೊಡೆದ. ಅಪ್ಪ ಕಿಟಕಿಯಿಂದ ಕೈ ಹೊರಗೆ ಹಾಕಿ, ತಾಳಪ್ಪಾ ಎನ್ನುವಂತೆ ಆಡಿಸಿದ.

“ಲೈಟ್‌ಹೌಸ್‌ಗೆ ಲೇಟಾಯ್ತು,” ಎಂದು ಅಮ್ಮ ಹಿಂದಿನಿಂದ ಕೆಣಕಿದಳು.

“ಲೈಟ್‌ಹೌಸ್ ಎಲ್ಲಿಗೆ ಓಡಿಹೋಗುತ್ತೆ?” ಎಂದ ಅಪ್ಪ. ಸೀಲಿನ ತಲೆ ನೀರಿನಲ್ಲಿ ಮುಳುಗುವವರೆಗೆ ಅವನು ಕೀ ಮುಟ್ಟಲಿಲ್ಲ.

ವ್ಯಾನ್ ಹೊರಟಿತು. ಅಪ್ಪನ ಕಣ್ಣು ಮತ್ತೆ ರಸ್ತೆಗೆ ಅಂಟಿಕೊಂಡಿತು. ಚೂಟಿ ಸೀಟ್ ಬೆಲ್ಟ್ ಹಾಕಿಕೊಂಡು ಕಿಟಕಿಯ ಕಡೆ ತಿರುಗಿ ಕೂತಳು.

“ಅಪ್ಪಾ, ಈ ಕಡೆ ಒಂದು ಬಂಡೆ ಬಂತು,” ಎಂದಳು. “ಅದರ ಮೇಲೆ ಹಕ್ಕಿಗಳು, ಸಾಲಾಗಿ ಕೂತಿವೆ. ಎಲ್ಲಾ ಕಡಲು ನೋಡ್ತಿವೆ. ಒಂದು ಮಾತ್ರ ನಮ್ಮನ್ನ ನೋಡ್ತಿದೆ.”

ಅಪ್ಪ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ.

“ಕೊಕ್ಕು ಯಾವ ಬಣ್ಣ?” ಎಂದು ಕೇಳಿದ.